ಹತ್ತೊಂಬತ್ತು ಲಕ್ಷಕ್ಕೆ ಇಪ್ಪತ್ತು ಬಾಗಿಲು

ಮುಂಬಯಿ ಮಹಾನಗರದ ವಿಸ್ತೀರ್ಣ 603 ಚದರ ಕಿಲೋಮೀಟರ್. ಅಷ್ಟು ನೆಲ ಕಾಯಲು ಅಲ್ಲಿ 90ಕ್ಕೂ ಹೆಚ್ಚು ಪೊಲೀಸ್ ಠಾಣೆಗಳಿವೆ. ಬಾಗಲಕೋಟೆ ಜಿಲ್ಲೆಯ ವಿಸ್ತೀರ್ಣ 6,575 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಹನ್ನೊಂದು ಮುಂಬಯಿ ಇದರಲ್ಲಿ ಹಿಡಿಸುತ್ತವೆ. ಇಲ್ಲಿನ ಠಾಣೆಗಳನ್ನೋ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು: ಬಾಗಲಕೋಟೆ ನಗರ, ಬಾಗಲಕೋಟೆ ಗ್ರಾಮೀಣ, ನವನಗರ, ಕಲಾದಗಿ, ಬೀಳಗಿ, ಬಾದಾಮಿ, ಕೆರೂರು, ಗುಳೇದಗುಡ್ಡ, ಹುನಗುಂದ, ಅಮೀನಗಡ, ಇಳಕಲ್ಲ ನಗರ, ಇಳಕಲ್ಲ ಗ್ರಾಮೀಣ, ಜಮಖಂಡಿ ನಗರ, ಜಮಖಂಡಿ ಗ್ರಾಮೀಣ, ಸಾವಳಗಿ, ತೇರದಾಳ, ಬನಹಟ್ಟಿ, ಮಹಾಲಿಂಗಪುರ, ಮುಧೋಳ, ಲೋಕಾಪುರ. ಬೆರಳು ಮಡಚಿ ಎಣಿಸಿದರೆ ಇಪ್ಪತ್ತು. ಮಹಿಳಾ ಠಾಣೆ, ಸಂಚಾರ ಠಾಣೆ, ಸೈಬರ್ ಅಪರಾಧದ ಠಾಣೆ ಬೇರೆ ಇವೆ. ಅವು ಇಂತಿಷ್ಟು ಹಳ್ಳಿ ತಮ್ಮವು ಎಂದು ಕಾಯುವ ಠಾಣೆಗಳಲ್ಲ.

2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 18,89,752. ಆಮೇಲೆ ಬೆಳೆದದ್ದನ್ನು ಬಿಟ್ಟು ಅದನ್ನೇ ಇಪ್ಪತ್ತರಿಂದ ಭಾಗಿಸಿದರೂ ಒಂದೊಂದು ಠಾಣೆಯ ಪಾಲಿಗೆ 94,000ಕ್ಕೂ ಹೆಚ್ಚು ಜನ, 329 ಚದರ ಕಿಲೋಮೀಟರ್ ನೆಲ, ಸುಮಾರು 30 ಹಳ್ಳಿ ಬರುತ್ತವೆ. ಆ ನೆಲ ದುಂಡಗಿದ್ದು ಠಾಣೆ ನಟ್ಟನಡುವೆ ಇದೆ ಎಂದುಕೊಂಡರೆ ಬಾಗಿಲಿನಿಂದ ಅಂಚಿಗೆ ನೆಟ್ಟಗೆ 10 ಕಿಲೋಮೀಟರ್. ಆದರೆ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಹರಿಯುವ ಈ ಜಿಲ್ಲೆಯಲ್ಲಿ ರಸ್ತೆ ನೆಟ್ಟಗೆ ಹೋಗುವುದು ಅಪರೂಪ. ಬಾದಾಮಿಯ ಕಡೆ ಕೆಂಪುಕಲ್ಲಿನ ಗುಡ್ಡ ಅಡ್ಡ ಬರುತ್ತದೆ, ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಅಡ್ಡ ಬರುತ್ತದೆ.

ಒಂದು ಕುರ್ಚಿಗೆ ನಾಲ್ಕು ಜನ

ಠಾಣೆಯಲ್ಲಿ ಒಂದು ಕುರ್ಚಿ ಹಾಕಿ, ಅದರಲ್ಲಿ ಹಗಲೂ ರಾತ್ರಿಯೂ ಯಾರಾದರೊಬ್ಬರು ಕೂತಿರಲೇಬೇಕು ಎಂದು ಅಪ್ಪಣೆಯಾಯಿತು ಎನ್ನಿ. ವರ್ಷಕ್ಕೆ 8,760 ತಾಸು. ಒಬ್ಬ ಪೇದೆ ದಿನಕ್ಕೆ 8 ತಾಸು ದುಡಿಯುತ್ತಾನೆ. ವಾರದ ರಜೆ, ಹಬ್ಬದ ರಜೆ, ಗಳಿಕೆ ರಜೆ, ಕಾಯಿಲೆ, ತರಬೇತಿ ಎಲ್ಲ ಸೇರಿ ವರ್ಷದಲ್ಲಿ 100 ದಿನ ಕಳೆದರೆ ಅವನಿಂದ ಸಿಗುವುದು 2,120 ತಾಸು. ಭಾಗಿಸಿ ನೋಡಿದರೆ ನಾಲ್ಕಕ್ಕಿಂತ ತುಸು ಹೆಚ್ಚು. ಒಂದೇ ಕುರ್ಚಿ ತುಂಬಲು ನಾಲ್ಕು ಸಂಬಳ ಬೇಕು.

ಇನ್ನು ಒಂದು ಗ್ರಾಮೀಣ ಠಾಣೆಗೆ, ಧಾರಾಳವಾಗಿಯೇ, 50 ಮಂದಿ ಕೊಡೋಣ. ನಾಲ್ಕಕ್ಕೊಬ್ಬರಂತೆ ಯಾವುದೇ ಹೊತ್ತಿನಲ್ಲಿ ಕರ್ತವ್ಯದ ಮೇಲಿರುವವರು 12. ಈ ಹನ್ನೆರಡರಲ್ಲಿ ಒಬ್ಬರು ಬಂದೂಕು ಹಿಡಿದು ಸೆಂಟ್ರಿ ನಿಲ್ಲಬೇಕು. ಲಾಕಪ್ಪು ಖಾಲಿಯಿದ್ದರೂ ಶಸ್ತ್ರಾಗಾರ ಖಾಲಿಯಿರುವುದಿಲ್ಲ. ಒಬ್ಬರು ಠಾಣೆಯ ಉಸ್ತುವಾರಿ; ಬಂದವರ ದೂರು ಕೇಳುವುದು, ಠಾಣಾ ದಿನಚರಿ ಬರೆಯುವುದು ಅವರ ಕೆಲಸ. ಕಂಪ್ಯೂಟರಿಗೂ ವೈರ್‌ಲೆಸ್ಸಿಗೂ ಕೂಡಿ ಒಬ್ಬರು. ತುರ್ತು ಕರೆಯ 112ರ ವಾಹನದಲ್ಲಿ ಇಬ್ಬರು. ಕೋರ್ಟಿಗೆ, ಸಮನ್ಸ್-ವಾರಂಟ್ ಜಾರಿಗೆ ಇಬ್ಬರು. ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆಗೋ, ಶವಾಗಾರದ ಮುಂದೆ ಕಾವಲಿಗೋ ಒಬ್ಬರು. ಕಳೆದರೆ ಉಳಿಯುವವರು ನಾಲ್ಕು. ಮೂವತ್ತು ಹಳ್ಳಿಗೆ ನಾಲ್ಕು ಜನ. ಒಬ್ಬೊಬ್ಬರ ಪಾಲಿಗೆ 23,000ಕ್ಕೂ ಹೆಚ್ಚು ಮಂದಿ. 2011ರಲ್ಲಿ ಇಡೀ ಹುನಗುಂದ ಪಟ್ಟಣದ ಜನಸಂಖ್ಯೆಯೇ ಸುಮಾರು 21,000 ಇತ್ತು.

ಇದು ಎಲ್ಲವೂ ಸುಸೂತ್ರವಿರುವ ದಿನದ ಲೆಕ್ಕ. ಗಣೇಶನ ವಿಸರ್ಜನೆ ಬಂದರೆ, ಚುನಾವಣೆ ಬಂದರೆ, ಮಂತ್ರಿಗಳು ಬಂದರೆ, ಪಕ್ಕದ ಜಿಲ್ಲೆಯಲ್ಲಿ ಗಲಾಟೆಯಾದರೆ ಆ ನಾಲ್ವರೂ ಬಂದೋಬಸ್ತಿನ ವ್ಯಾನು ಹತ್ತುತ್ತಾರೆ. ಆಗ 8 ತಾಸಿನ ಪಾಳಿ 12 ಆಗುತ್ತದೆ, 16 ಆಗುತ್ತದೆ, ವಾರದ ರಜೆ ಮುಂದಿನ ವಾರಕ್ಕೆ ಹೋಗುತ್ತದೆ. ಕಾಗದದ ಮೇಲೆ ಕೂಡಿಬರದ ಲೆಕ್ಕ ಪೇದೆಯ ನಿದ್ದೆ ತಿಂದು ಕೂಡಿಬರುತ್ತದೆ.

ದೇಶದ ಅಂಕಿಯೂ ಇದನ್ನೇ ಹೇಳುತ್ತದೆ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ 2022ರ ಆರಂಭಕ್ಕೆ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಲಕ್ಷ ಜನಕ್ಕೆ ಮಂಜೂರಾದ ಪೊಲೀಸರು ಸುಮಾರು 196, ನಿಜವಾಗಿ ಇದ್ದವರು ಸುಮಾರು 153. ಈ ಸರಾಸರಿಯನ್ನೇ ಬಾಗಲಕೋಟೆಗೆ ಹಚ್ಚಿದರೆ ಇರಬೇಕಾದವರು 3,700, ಇರುವವರು 2,900; ಕೊರತೆ 800. ಆ 2,900ರಲ್ಲೂ ಮೀಸಲು ಪಡೆ, ಗುಪ್ತಚರ, ತರಬೇತಿ ಕೇಂದ್ರಗಳಲ್ಲಿರುವವರೆಲ್ಲ ಸೇರುತ್ತಾರೆ. ಠಾಣೆಯ ಬಾಗಿಲಲ್ಲಿ ಕಾಣಸಿಗುವವರು ಅದರ ಒಂದು ಪಾಲು ಮಾತ್ರ.

ಮೆಟ್ಟಿಲುಗಳ ಎಣಿಕೆ

ಹಳ್ಳಿಯ ಗಸ್ತಿನ ಪೇದೆಯಿಂದ ಬೆಂಗಳೂರಿನ ಮಹಾನಿರ್ದೇಶಕರವರೆಗೆ ಹತ್ತಬೇಕಾದ ಮೆಟ್ಟಿಲು ಹತ್ತಕ್ಕೂ ಹೆಚ್ಚು. ಪೇದೆ, ಮುಖ್ಯಪೇದೆ, ಎಎಸ್‌ಐ, ಪಿಎಸ್‌ಐ. ಹಿರಿಯರ ಬಾಯಲ್ಲಿ ಈ ಭಾಗದಲ್ಲಿ ಪಿಎಸ್‌ಐ ಇನ್ನೂ ‘ಫೌಜದಾರ’ರೇ. ಅವರ ಮೇಲೆ ಸಿಪಿಐ, ಆಮೇಲೆ ಉಪವಿಭಾಗದ ಡಿವೈಎಸ್‌ಪಿ. ಬಾಗಲಕೋಟೆ, ಹುನಗುಂದ, ಜಮಖಂಡಿ ಹೀಗೆ ಉಪವಿಭಾಗ ಮೂರು. ಅದರ ಮೇಲೆ ಹೆಚ್ಚುವರಿ ಎಸ್‌ಪಿ, ಎಸ್‌ಪಿ. ಎಸ್‌ಪಿ ಕಚೇರಿ ಇರುವುದು ನವನಗರದಲ್ಲಿ. ಜಿಲ್ಲೆಯ ಮೇಲೆ ಬೆಳಗಾವಿಯಲ್ಲಿ ಕೂರುವ ಉತ್ತರ ವಲಯದ ಐಜಿಪಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ ಐದೂ ಜಿಲ್ಲೆ ಅವರ ಸುಪರ್ದಿಗೆ. ಅಲ್ಲಿಂದಾಚೆ ಎಡಿಜಿಪಿ, ಕೊನೆಗೆ ಡಿಜಿ-ಐಜಿಪಿ.

ಪಕ್ಕದಲ್ಲಿ ಇನ್ನೊಂದು ಏಣಿ ಇದೆ. ಅದು ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಜನರ ಬಾಯಲ್ಲಿ ಡಿಎಆರ್. ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವುದು, ಖಜಾನೆಯ ಕಾವಲು, ಗಲಾಟೆಗೆ ಹೊರಡುವ ತುಕಡಿ, ಹುತಾತ್ಮರಿಗೆ ಗೌರವದ ಕುಶಾಲತೋಪು ಎಲ್ಲ ಅವರದು. ಪ್ರಕರಣ ದಾಖಲಿಸುವ ಕೆಲಸ ಅವರದಲ್ಲ. ಹೊರಗಿನವರ ಕಣ್ಣಿಗೆ ಖಾಕಿ ಒಂದೇ. ಒಳಗೆ ಕೆಲಸ ಬೇರೆ, ಬಡ್ತಿಯ ದಾರಿ ಬೇರೆ.

ಅಮೆರಿಕದ ಜೊತೆ ಇಟ್ಟು ನೋಡಿದರೆ ನಮ್ಮ ಎಸ್‌ಪಿಯ ಹೊರೆ ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಕೌಂಟಿಗೊಬ್ಬ ಶೆರಿಫ್. ದೇಶದ ತುಂಬ ಅಂಥ ಕಚೇರಿಗಳು 3,000ಕ್ಕೂ ಹೆಚ್ಚು. ಹೆಚ್ಚಿನ ರಾಜ್ಯಗಳಲ್ಲಿ ಶೆರಿಫ್ ಜನರ ಓಟು ಕೇಳಿ ಗೆದ್ದು ಬರುತ್ತಾನೆ. ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಗಣತಿಯಂತೆ ಇದ್ದವರು 64 ಮಂದಿ. ನಮ್ಮಲ್ಲಿ ಒಂದು ಓಣಿಯ ಮದುವೆಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಆ 64 ಮಂದಿಗೂ ಒಬ್ಬ ಶೆರಿಫ್. ಅಂಥ 29,500 ಕೌಂಟಿಗಳನ್ನು ಕೂಡಿಸಿದರೆ ಒಂದು ಬಾಗಲಕೋಟೆ. ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸ್ ಕೌಂಟಿ. ಸುಮಾರು ಒಂದು ಕೋಟಿ ಜನ, ಜಗತ್ತಿನಲ್ಲೇ ದೊಡ್ಡದೆನಿಸಿದ ಶೆರಿಫ್ ಇಲಾಖೆ. ನಮ್ಮಲ್ಲಿ ಎಸ್‌ಪಿ ಓಟಿನಿಂದ ಬರುವುದಿಲ್ಲ, ಸರ್ಕಾರದ ಆದೇಶದಿಂದ ಬರುತ್ತಾರೆ, ಆದೇಶದಿಂದಲೇ ಹೋಗುತ್ತಾರೆ. ಕನಿಷ್ಠ ಎರಡು ವರ್ಷವಾದರೂ ಒಂದೆಡೆ ಇರಲಿ ಎಂದು ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಬೇಕಾಯಿತು. ಇಪ್ಪತ್ತು ಠಾಣೆ, 600ಕ್ಕೂ ಹೆಚ್ಚು ಹಳ್ಳಿ. ತಿಂಗಳಿಗೆ 25 ಹಳ್ಳಿ ಸುತ್ತಿದರೂ ಎಲ್ಲ ಮುಗಿಯಲು ಆ ಎರಡು ವರ್ಷವೇ ಬೇಕು.

ಎಪ್ಪತ್ತು, ಮುನ್ನೂರು, ಐನೂರು

ನೆಲವನ್ನು ಅಂಕಿಯಿಂದ ಅಳೆಯುವುದು ಈ ಸೀಮೆಗೆ ಹೊಸದಲ್ಲ. ಶಾಸನಗಳಲ್ಲಿ ಬರುವ ಇಲ್ಲಿನ ನಾಡುಗಳ ಹೆಸರೇ ಅಂಕಿ ಹೊತ್ತಿವೆ: ಬಾಗಡಗೆ 70, ಕಿಸುಕಾಡು 70, ಕೆಲವಾಡಿ 300, ಕರಿವಿಡಿ 30. ಬಾಗಡಗೆ ಅಂದರೆ ಇಂದಿನ ಬಾಗಲಕೋಟೆ. ಕಿಸುಕಾಡು ಪಟ್ಟದಕಲ್ಲಿನ ಸುತ್ತಿನ ನಾಡು. ಆ ಅಂಕಿಗಳು ಹಳ್ಳಿಗಳ ಎಣಿಕೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘವೂ ಅಂಕಿಯಿಂದಲೇ ಪ್ರಸಿದ್ಧ: ಅಯ್ಯಾವೊಳೆ ಐನೂರ್ವರು. ದಕ್ಷಿಣ ಭಾರತದ ಉದ್ದಗಲ ವ್ಯಾಪಾರ ನಡೆಸಿದ ಆ ಸಂಘ ತನ್ನ ಸರಕಿನ ಕಾವಲಿಗೆ ತನ್ನದೇ ಆಯುಧಧಾರಿಗಳನ್ನು ಇಟ್ಟುಕೊಂಡಿತ್ತು. ದಾರಿಯ ರಕ್ಷಣೆ ರಾಜನೊಬ್ಬನಿಂದ ಆಗದು ಎಂಬುದು ವ್ಯಾಪಾರಿಗಳಿಗೆ ಆಗಲೇ ಗೊತ್ತಿತ್ತು.

ಹಳ್ಳಿಯಲ್ಲಿ ಆ ಹೊರೆ ತಳವಾರ, ವಾಲೀಕಾರರ ಹೆಗಲಿಗೆ ಬಿತ್ತು. ಬಾದಾಮಿ, ಹುನಗುಂದದ ಯಾವ ಊರಿಗೆ ಹೋದರೂ ಈ ಎರಡು ಮನೆತನದ ಹೆಸರು ಇಂದಿಗೂ ಸಿಗುತ್ತವೆ. ರಾತ್ರಿ ಗಸ್ತು, ಪರಊರಿನವರು ಬಂದರೆ ಗೌಡರಿಗೆ ಸುದ್ದಿ, ಕಳವಾದರೆ ಕಳ್ಳನ ಹೆಜ್ಜೆ ಹುಡುಕುವುದು ಅವರ ಕೆಲಸ. ಪ್ರತಿಫಲ ಒಂದು ತುಂಡು ಇನಾಮು ಹೊಲ, ಕಣದಲ್ಲಿ ಸುಗ್ಗಿಯ ಆಯ. ಪೇಶ್ವೆಯರ ಕಾಲದ ದಖ್ಖನದ ಕಟ್ಟಳೆಯೊಂದನ್ನು ಬ್ರಿಟಿಷ್ ಅಧಿಕಾರಿ ಎಲ್ಫಿನ್‌ಸ್ಟನ್ 1819ರ ವರದಿಯಲ್ಲಿ ಬರೆದಿದ್ದಾನೆ: ಕಾವಲುಗಾರ ಹೆಜ್ಜೆಯ ಜಾಡು ಹಿಡಿದು ಪಕ್ಕದ ಊರಿನ ಸೀಮೆಯವರೆಗೆ ತಂದು ತೋರಿಸಿದರೆ ತನ್ನ ಹೊಣೆ ಮುಗಿಯಿತು, ಮುಂದಿನದು ಆ ಊರಿನ ಹೊಣೆ. ಎರಡು ಶತಮಾನ ಕಳೆದರೂ ಠಾಣೆಗಳಲ್ಲಿ ‘ಇದು ನಮ್ಮ ಹದ್ದಿಗೆ ಬರೋದಿಲ್ಲ’ ಎಂಬ ಮಾತು ಸತ್ತಿರಲಿಲ್ಲ. ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು ಎಂಬ ಝೀರೋ ಎಫ್‌ಐಆರ್ ಹೊಸ ಅಪರಾಧ ಪ್ರಕ್ರಿಯೆಯ ಸಂಹಿತೆಯೊಳಗೆ ಬಂದದ್ದು 2024ರ ಜುಲೈ 1ರಂದು.

ತಳವಾರ, ವಾಲೀಕಾರ ಸೇರಿ ಹಳ್ಳಿಗೆ ಇಬ್ಬರೇ ಎಂದು ಹಿಡಿದರೂ ಈಗಿನ ಜಿಲ್ಲೆಯ 600 ಹಳ್ಳಿಗೆ ಅಂಥವರು 1,200. ಅಂದರೆ ಜನಸಂಖ್ಯೆ ಇಂದಿನ ಒಂದು ಸಣ್ಣ ಪಾಲಿನಷ್ಟಿದ್ದಾಗ, ಸರ್ಕಾರದ ಬೊಕ್ಕಸದಿಂದ ಒಂದು ಸಂಬಳವೂ ಹೋಗದೆ, ಊರೂರಲ್ಲಿ ಒಂದು ಪಡೆ ನಿಂತಿತ್ತು. ದುಡ್ಡು ಉಳಿದದ್ದು ದೊರೆಗೆ. ನಿದ್ದೆಗೆಟ್ಟವರು ಹುಟ್ಟಿನಿಂದಲೇ ಆ ಚಾಕರಿಗೆ ಬಿದ್ದವರು.

ಕಲಾದಗಿಯ ಸಾಹೇಬರು

1818ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಪೇಶ್ವೆಯರ ಕೈಯಿಂದ ಬಾದಾಮಿಯ ಕೋಟೆ ಹಿಡಿದ. ಮುಂದೆ ಈ ಸೀಮೆ ಸೇರಿದ ಮುಂಬಯಿ ಪ್ರಾಂತ್ಯ 1850ರ ದಶಕದಲ್ಲಿ ಪೊಲೀಸ್ ವ್ಯವಸ್ಥೆ ಬದಲಿಸಿ ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟನನ್ನು ನೇಮಿಸಿತು. ಅದರ ಮಾದರಿ ಬ್ರಿಟಿಷ್ ದಂಡನಾಯಕ ನೇಪಿಯರ್ 1843ರ ನಂತರ ಸಿಂಧ್‌ನಲ್ಲಿ ಕಟ್ಟಿದ ಪೊಲೀಸು. ಆ ಸಿಂಧ್ ಪೊಲೀಸಿನ ಮಾದರಿ ಐರ್ಲೆಂಡಿನ ಕಾನ್‌ಸ್ಟಾಬ್ಯುಲರಿ. ಆಳಲು ಕಷ್ಟವಾದ ಒಂದು ದ್ವೀಪಕ್ಕೆಂದು ಹೊಲಿದ ಅಂಗಿ ಕರಾಚಿಯ ದಾರಿಯಾಗಿ ಘಟಪ್ರಭೆಯ ದಂಡೆಗೆ ಬಂತು.

ಆ ಹೊಸ ಆಡಳಿತಕ್ಕೆ ಇಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 1857ರಲ್ಲಿ. ಆಯುಧಗಳನ್ನೆಲ್ಲ ಒಪ್ಪಿಸಿ, ಇಟ್ಟುಕೊಳ್ಳಬೇಕಾದರೆ ಪರವಾನಗಿ ಪಡೆಯಿರಿ ಎಂಬ ಕಾನೂನು ಮುಧೋಳ ಸಂಸ್ಥಾನದ ಹಲಗಲಿಗೆ ತಲುಪಿದಾಗ ಬೇಡರು ಒಪ್ಪಲಿಲ್ಲ. ಆಯುಧವೇ ಅವರ ಕಸುಬು, ಅದೇ ಅವರ ಮಾನ. ಊರಿಗೆ ಸೈನ್ಯ ನುಗ್ಗಿತು, ಬೆಂಕಿ ಬಿತ್ತು. ಆ ಡಿಸೆಂಬರಿನಲ್ಲಿ ಮುಧೋಳ, ಹಲಗಲಿಗಳಲ್ಲಿ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕತೆ ಲಾವಣಿಯಾಗಿ ಉಳಿಯಿತು. ಅದನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ.

1864ರಲ್ಲಿ ಕಲಾದಗಿ ಜಿಲ್ಲೆ ಹುಟ್ಟಿತು. ಇಂದು ದಾಳಿಂಬೆ, ಚಿಕ್ಕುವಿಗೆ ಹೆಸರಾದ ಕಲಾದಗಿಯಲ್ಲಿ ಆಗ ಕಲೆಕ್ಟರರೂ ಪೊಲೀಸ್ ಸೂಪರಿಂಟೆಂಡೆಂಟರೂ ಕೂರುತ್ತಿದ್ದರು. 1867ರಲ್ಲಿ ಮುಂಬಯಿ ಸರ್ಕಾರ ಒಂದರ ಬೆನ್ನಿಗೊಂದು ಎರಡು ಕಾನೂನು ತಂದಿತು: 7ನೆಯದು ಜಿಲ್ಲಾ ಪೊಲೀಸರಿಗೆ, 8ನೆಯದು ಹಳ್ಳಿಯ ಪೊಲೀಸರಿಗೆ. ಮೊದಲನೆಯದರಲ್ಲಿ ಸಂಬಳದ ಪೇದೆಗಳು. ಎರಡನೆಯದರಲ್ಲಿ ಪೊಲೀಸ್ ಪಾಟೀಲ ಮತ್ತವನ ಕೈಕೆಳಗಿನ ತಳವಾರ, ವಾಲೀಕಾರರು. ಊರ ಬೈದಾಟ, ಸಣ್ಣ ಹೊಡೆದಾಟಗಳಿಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರ ಪಾಟೀಲನಿಗೇ ಇತ್ತು. ಮುಂದೆ ಸುಮಾರು ನೂರು ವರ್ಷ ಈ ಎರಡೂ ಪೊಲೀಸು ಜೊತೆಜೊತೆಗೇ ನಡೆದವು.

1881ರ ಗಣತಿಯಲ್ಲಿ ಆ ಜಿಲ್ಲೆಯ ವಿಸ್ತೀರ್ಣ 5,757 ಚದರ ಮೈಲಿ, ಜನ 6,38,493. ಒಂಬತ್ತು ವರ್ಷ ಹಿಂದೆ, 1872ರಲ್ಲಿ, 8 ಲಕ್ಷಕ್ಕೂ ಹೆಚ್ಚು ಜನ ಇದ್ದರು. ನಡುವೆ ಬಂದದ್ದು 1876-78ರ ಬರ. ಐವರಲ್ಲಿ ಒಬ್ಬರು ಲೆಕ್ಕದಿಂದಲೇ ಮಾಯವಾದರು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಆಗ ಆ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 43 ಮಂದಿ; ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ 2011ರ ಹೊತ್ತಿಗೆ 287.

ಎಲ್ಲರ ಮೇಲೆ ಕಣ್ಣಿಡಲಾಗದ ಸರ್ಕಾರ ಒಂದು ಅಡ್ಡದಾರಿ ಹಿಡಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾನೂನು ಒಬ್ಬನ ತಪ್ಪು ಹುಡುಕುವ ಗೋಜಿಗೆ ಹೋಗದೆ ಇಡೀ ಸಮುದಾಯವನ್ನೇ ಹುಟ್ಟು ಕಳ್ಳರೆಂದು ಬರೆದಿಟ್ಟಿತು. ಮುಂದೆ ಅದು ಮುಂಬಯಿ ಪ್ರಾಂತ್ಯಕ್ಕೂ ಬಂತು. ದಿನಾ ಹಾಜರಿ, ಊರು ಬಿಡಲು ಚೀಟಿ, ಬೇಲಿಯೊಳಗಿನ ವಸಾಹತು. ಇಂದು ವಿಜಯಪುರವಾಗಿರುವ ವಿಜಾಪುರದಲ್ಲೂ ಅಂಥ ವಸಾಹತು ಇತ್ತು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇಂದಿಗೂ ನಿಂತಿದೆ. 1952ರಲ್ಲಿ ದೇಶದಲ್ಲೆಲ್ಲ ಆ ಕಾನೂನು ರದ್ದಾಯಿತು. ಅಷ್ಟರೊಳಗೆ ಕಾನೂನಿಗೆ 81 ವರ್ಷವಾಗಿತ್ತು; ತಲೆಮಾರುಗಳೇ ಹಾಜರಿ ಪುಸ್ತಕದಲ್ಲಿ ಕಳೆದಿದ್ದವು. ಪೊಲೀಸರು ಸಾಲದಾದಾಗ ಆ ಸಾಲ ತೀರಿಸಿದವರು ತಪ್ಪು ಮಾಡದ ಜನ.

1884ರಲ್ಲಿ ಹೊಟಗಿ-ಗದಗ ರೈಲು ಮಾರ್ಗ ಬಿದ್ದು ವಿಜಾಪುರ, ಬಾಗಲಕೋಟೆ, ಬಾದಾಮಿ ಹಳಿಗೆ ಬಂದವು; ಕಲಾದಗಿ ಬರಲಿಲ್ಲ. ಮರುವರ್ಷ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋಯಿತು. ಅಲ್ಲಿಂದ ಬಾಗಲಕೋಟೆ ಬೇರೆ ಜಿಲ್ಲೆಯಾದ 1997ರ ಆಗಸ್ಟ್ 15ರವರೆಗೆ, ಸರಿಯಾಗಿ 112 ವರ್ಷ, ಬಾದಾಮಿ-ಬಾಗಲಕೋಟೆ-ಹುನಗುಂದದ ನೆಲದಲ್ಲಿ ಎಸ್‌ಪಿ ಕಚೇರಿ ಇರಲಿಲ್ಲ. ದೊಡ್ಡ ಸಾಹೇಬರಿಗೆ ಅರ್ಜಿ ಕೊಡಬೇಕೆಂದರೆ ಬಾಗಲಕೋಟೆಯಿಂದಲೇ 80 ಕಿಲೋಮೀಟರಿಗೂ ದೂರ, ನಡುವೆ ಕೃಷ್ಣೆ; ಇಳಕಲ್ಲಿನವರಿಗೆ ಇನ್ನೂ ದೂರ. ಈಗ ಪೊಲೀಸರನ್ನು ಕರೆಯುವ ತುರ್ತು ಸಂಖ್ಯೆಯೂ 112 ಆಗಿರುವುದು ಬರೀ ಕಾಕತಾಳೀಯ. ನೆನಪಿಡಲು ಮಾತ್ರ ಸುಲಭ.

ಆ 112 ವರ್ಷದಲ್ಲಿ ಅಂಗಿ ಹಲವು ಸಲ ಬದಲಾಯಿತು. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. 1956ರ ನವೆಂಬರ್ 1ರಂದು ಇಡೀ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು; ಗೌಡಕಿ, ಕುಲಕರ್ಣಿಕಿ, ತಳವಾರಿಕೆ ಎಲ್ಲ ಒಟ್ಟಿಗೆ ಹೋದವು. 1965ರ ಏಪ್ರಿಲ್ 2ರಂದು 1963ರ ಪೊಲೀಸ್ ಕಾಯ್ದೆ ಜಾರಿಗೆ ಬಂದು ರಾಜ್ಯಕ್ಕೆಲ್ಲ ಒಂದೇ ಪೊಲೀಸಾಯಿತು. ಪ್ರತಿವರ್ಷ ಆ ದಿನ ಪೊಲೀಸ್ ಧ್ವಜ ದಿನ. ಹುಟ್ಟಿನಿಂದ ಬರುವ ಚಾಕರಿ ಹೋದದ್ದು ನ್ಯಾಯವೇ. ಆದರೆ ಊರೂರಿನ ಆ ಇಬ್ಬರು ಹೋದ ಜಾಗಕ್ಕೆ ಊರೂರಿಗೆ ಇಬ್ಬರು ಪೇದೆಗಳು ಬರಲಿಲ್ಲ. ಮೂವತ್ತು ಹಳ್ಳಿಗೊಂದು ಠಾಣೆ ಉಳಿಯಿತು. ಹಳ್ಳಿಗೊಬ್ಬ ಗೊತ್ತಿರುವ ಪೊಲೀಸ್ ಇರಬೇಕು ಎಂಬ ಯೋಚನೆ ಸುಧಾರಿತ ಗಸ್ತು ವ್ಯವಸ್ಥೆಯಾಗಿ ಮರಳಿದ್ದು 2017ರಲ್ಲಿ. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಯೋಜನೆ ಬಂತು. ತಳವಾರನ ಓಣಿ ಸುತ್ತಾಟವೇ ಮೊಬೈಲು ಹಿಡಿದು ವಾಪಸಾಗಿದೆ. ಈ ಸಲ ಒಬ್ಬನಿಗೆ ಒಂದು ಊರಲ್ಲ, ಹಲವು ಊರು.

ವಿಭಜನೆಗೆ ಮುನ್ನ ವಿಜಾಪುರದ ಎಸ್‌ಪಿಯೊಬ್ಬರ ಪಾಲಿಗಿದ್ದ ನೆಲ 17,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಕುವೈತ್ ದೇಶದಷ್ಟು. 1991ರಲ್ಲಿ ಜನ 29 ಲಕ್ಷ. ಅದನ್ನು ಒಡೆದು ಮಾಡಿದ ಬಾಗಲಕೋಟೆಯೂ ಸಣ್ಣದಲ್ಲ; ಅಮೆರಿಕದ ಡೆಲವೇರ್ ರಾಜ್ಯಕ್ಕಿಂತ ತುಸು ದೊಡ್ಡದು.

ನಾಲ್ಕು ಊರು, ನಾಲ್ಕು ಹೊರೆ

ಸರಾಸರಿ ಎಂಬುದು ಕಾಗದದ ಮಾತು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ನಾಲ್ಕಕ್ಕೂ ಹೊರೆ ಬೇರೆ ಬೇರೆ.

ಬಾಗಲಕೋಟೆಗೆ ನೀರಿನದು. ಆಲಮಟ್ಟಿ ಜಲಾಶಯದ ನೀರು 519.60 ಮೀಟರಿಗೆ ನಿಲ್ಲುತ್ತದೆ. ಆ ಮಟ್ಟಕ್ಕೆ ಹಳೆ ಊರಿನ ದೊಡ್ಡ ಪಾಲು ಮುಳುಗಡೆಯ ಲೆಕ್ಕಕ್ಕೆ ಹೋಯಿತು; ಗುಡ್ಡದ ಕಡೆ ಸೆಕ್ಟರುಗಳ ನವನಗರ ಎದ್ದಿತು. ಒಂದು ಊರು ಎರಡಾದರೆ ಪೊಲೀಸರಿಗೂ ಎಲ್ಲ ಎರಡು. ಹತ್ತಾರು ವರ್ಷ ಅಕ್ಕಪಕ್ಕ ಬಾಳಿದ ಓಣಿಗಳು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದರೆ, ‘ಇಂವ ಯಾರ ಮಗ’ ಎಂದು ಹೇಳಬಲ್ಲ ಹಿರಿಯರು ಕಟ್ಟೆಯ ಮೇಲೆ ಸಿಗುವುದಿಲ್ಲ. ಕೃಷ್ಣಾ ನ್ಯಾಯಮಂಡಳಿ ಒಪ್ಪಿದ ಎತ್ತರ 524.256 ಮೀಟರ್. ಇನ್ನುಳಿದ ನಾಲ್ಕೂವರೆ ಮೀಟರ್ ಏರಿದ ದಿನ ಹಳ್ಳಿಗಳ ಪಟ್ಟಿಯನ್ನು ಠಾಣೆಗಳು ಮತ್ತೆ ತಿದ್ದಿಕೊಳ್ಳಬೇಕು.

ಬಾದಾಮಿಗೆ ಜಾತ್ರೆಯದು. ಊರಿನ ಜನ 2011ರಲ್ಲಿ ಸುಮಾರು 31,000. ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿಯ ತೇರಿಗೆ ಒಂದೇ ದಿನ ಒಂದು ಲಕ್ಷ ಜನ ಬಂದರೆಂದು ಹಿಡಿದರೂ ಊರಿನ ಮೂರು ಪಟ್ಟಿಗೂ ಮಿಕ್ಕಿತು. ಜಾತ್ರೆಯೋ ಒಂದು ದಿನದ್ದಲ್ಲ, ವಾರಗಟ್ಟಲೆಯದು. ನಾಟಕ ಕಂಪನಿಗಳು ಡೇರೆ ಹೊಡೆದು ಬೆಳತನಕ ಆಟ ಆಡುತ್ತವೆ. ಆಟ ಮುಗಿಯುವವರೆಗೆ ಪೊಲೀಸರಿಗೂ ಮನೆಯಿಲ್ಲ: ಕಳೆದುಹೋದ ಮಗು, ಹರಿದ ಸರ, ಹೊಂಡದ ದಂಡೆಯ ನೂಕುನುಗ್ಗಲು, ಎತ್ತಿನ ಬಂಡಿಗೆ ಎದುರಾಗಿ ಸಿಕ್ಕಿಕೊಂಡ ಬಸ್ಸು. ಇದರ ಮೇಲೆ ಮೇಣಬಸದಿಯ ಗುಹೆಗಳಿಗೂ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿಗೂ ಬರುವ ಪ್ರವಾಸಿಗರು. ಸರಾಸರಿಯ ಪಟ್ಟಿಯಲ್ಲಿ ಈ ಯಾವ ತಲೆಯೂ ಇಲ್ಲ. ಜನಗಣತಿ ಅವರನ್ನು ಅವರವರ ಊರಲ್ಲಿ ಎಣಿಸಿರುತ್ತದೆ.

ಹುನಗುಂದಕ್ಕೆ ಹೆದ್ದಾರಿಯದು. ವಿಜಯಪುರದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಈ ಸೀಮೆ ಸೀಳಿ ಹೋಗುತ್ತದೆ. 2022ರಲ್ಲಿ ಕರ್ನಾಟಕದಲ್ಲಿ ಕೊಲೆಯಾದವರು ಸುಮಾರು 1,400. ರಸ್ತೆಯಲ್ಲಿ ಸತ್ತವರು 11,702. ಎಂಟು ಪಟ್ಟು, ದಿನಕ್ಕೆ 32 ಜೀವ. ಕೊಲೆಯಾದರೆ ಪತ್ರಿಕೆಯ ಮುಖಪುಟ, ಅಪಘಾತಕ್ಕೆ ಒಳಪುಟದ ನಾಲ್ಕು ಸಾಲು. ಠಾಣೆಗೆ ಮಾತ್ರ ಎರಡರ ಕಾಗದವೂ ಅಷ್ಟೇ ದಪ್ಪ. ನಡುರಾತ್ರಿ ಕರೆ ಬಂದರೆ ಮೊದಲು ಗಾಯಾಳು ಆಸ್ಪತ್ರೆಗೆ, ಆಮೇಲೆ ಲಾರಿಗಳ ಬೆಳಕಿನಲ್ಲೇ ಟೇಪು ಹಿಡಿದು ಅಳತೆ: ರಸ್ತೆಯ ಅಗಲ, ಬ್ರೇಕಿನ ಗುರುತಿನ ಉದ್ದ, ಗಾಜಿನ ಚೂರು ಬಿದ್ದ ಜಾಗ. ಇಬ್ಬರು ಪಂಚರನ್ನು ಎಬ್ಬಿಸಿ ತಂದು ಪಂಚನಾಮೆ, ಕೈನಕ್ಷೆ, ಶವದ ಪಂಚನಾಮೆ, ಮರಣೋತ್ತರ ಪರೀಕ್ಷೆಗೆ ಪತ್ರ, ವಾಹನ ತಪಾಸಣೆಗೆ ಪತ್ರ, ಮನೆಯವರಿಗೆ ಸುದ್ದಿ. ಕೊನೆಯದು ಎಲ್ಲಕ್ಕೂ ಕಠಿಣ. ಆ ಒಂದು ಟೇಪಿನ ಅಳತೆ ತಪ್ಪಿದರೆ ಪರಿಹಾರದ ನ್ಯಾಯಮಂಡಳಿಯಲ್ಲಿ ಒಂದು ಕುಟುಂಬದ ಅನ್ನವೇ ತಪ್ಪಬಹುದು.

ಇಳಕಲ್ಲಿಗೆ ಗಡಿಯದು. 60,000 ಜನರ ಈ ಸೀರೆಯ ಊರಿಂದ ಕುಷ್ಟಗಿಯ ಸೀಮೆ ಕೂಗಳತೆಯಲ್ಲಿ. 1948ರವರೆಗೆ ಆ ಕಡೆಯದು ನಿಜಾಮನ ಸಂಸ್ಥಾನ. ಬೇರೆ ಕಾನೂನು, ಬೇರೆ ಪೊಲೀಸು. ಈ ಕಡೆ ಕದ್ದವನು ಹಳ್ಳ ದಾಟಿದರೆ ಇನ್ನೊಬ್ಬ ದೊರೆಯ ನೆಲ. ಇಂದು ಅದು ಕೊಪ್ಪಳ ಜಿಲ್ಲೆ, ಬೇರೆ ಎಸ್‌ಪಿ ಅಷ್ಟೇ. ಓಡಿಹೋದವನು ದಾಟುವುದಕ್ಕಿಂತ ಬೇಗ ಅವನ ಫೋಟೊ ಗಡಿ ದಾಟುತ್ತದೆ.

ಪೊಲೀಸರ ಹೊರೆಯನ್ನು ಪೊಲೀಸರಲ್ಲದವರು ಹೇಗೆ ಇಳಿಸಬಲ್ಲರು ಎಂಬುದಕ್ಕೂ ಇಳಕಲ್ಲೇ ಸಾಕ್ಷಿ. ಇಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋದರು. ಬೇಡಿದ್ದು ಜೋಳವನ್ನಲ್ಲ, ದುಶ್ಚಟವನ್ನು. ಸಾರಾಯಿ ಬಿಡುತ್ತೇನೆ, ತಂಬಾಕು ಬಿಡುತ್ತೇನೆ ಎಂದು ಆಣೆ ಮಾಡಿದವರ ಚಟ ಆ ಜೋಳಿಗೆಗೆ ಬೀಳುತ್ತಿತ್ತು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿದ ರಾತ್ರಿಯ ಹೊಡೆದಾಟಗಳನ್ನು ಬರೆದು ಬರೆದು ಕೈ ನೊಂದ ಠಾಣೆಯ ಯಾವ ರೈಟರನ್ನು ಕೇಳಿದರೂ ಆ ಜೋಳಿಗೆ ಎಷ್ಟು ಎಫ್‌ಐಆರ್ ನುಂಗಿರಬಹುದೆಂದು ಅಂದಾಜು ಹೇಳಬಲ್ಲರು. ನಡೆಯದ ಅಪರಾಧಕ್ಕೆ ಮಾತ್ರ ಕ್ರಮಸಂಖ್ಯೆ ಬೀಳುವುದಿಲ್ಲ.

ಯಾರ ಲೆಕ್ಕಕ್ಕೆ?

ಈ ಸೀಮೆಯಲ್ಲಿ ಕಾಯುವವರ ಸಂಖ್ಯೆ ಕಾಯಬೇಕಾದವರ ಸಂಖ್ಯೆಗೆ ಯಾವ ಕಾಲದಲ್ಲೂ ಸಾಕಾಗಿಲ್ಲ. ಪ್ರತಿ ಆಳ್ವಿಕೆಯೂ ಆ ಕೊರತೆಯನ್ನು ಯಾರದೋ ಲೆಕ್ಕಕ್ಕೆ ಬರೆದು ತುಂಬಿಸಿಕೊಂಡಿದೆ. ಒಂದು ಕಾಲದಲ್ಲಿ ತಳವಾರನ ಲೆಕ್ಕಕ್ಕೆ, ಇನ್ನೊಂದು ಕಾಲದಲ್ಲಿ ಹಾಜರಿ ಪುಸ್ತಕದಲ್ಲಿ ಸಿಕ್ಕಿದ ಬುಡಕಟ್ಟುಗಳ ಲೆಕ್ಕಕ್ಕೆ, ಈಗ ಪಾಳಿ ಮುಗಿಯದ ಪೇದೆಯ ಲೆಕ್ಕಕ್ಕೆ. ಇದರ ಜೊತೆಗೆ ತಮ್ಮ ಪಾಡಿಗೆ ತಾವಿದ್ದು, ಜಗಳವನ್ನು ಕಟ್ಟೆಯ ಮೇಲೇ ಮುಗಿಸಿಕೊಳ್ಳುವ ಲಕ್ಷಾಂತರ ಜನರ ತಾಳ್ಮೆ ಇದೆ. ಅದೊಂದೇ ಬಂಡವಾಳದ ಮೇಲೆ ಇಪ್ಪತ್ತು ಠಾಣೆಯ ಇಲಾಖೆ ನಿಂತಿದೆ.

ಆದ್ದರಿಂದ ಮುಂದಿನ ಬಜೆಟ್ಟಿನಲ್ಲಿ ಹೊಸ ಠಾಣೆಯೊಂದು ಘೋಷಣೆಯಾದಾಗ ಕಟ್ಟಡಕ್ಕೆ ಎಷ್ಟು ಕೋಟಿ ಎಂದು ಕೇಳುವ ಮೊದಲು ಎಷ್ಟು ಕುರ್ಚಿ ಎಂದು ಕೇಳಬೇಕು, ಬಂದ ಉತ್ತರವನ್ನು ನಾಲ್ಕರಿಂದ ಗುಣಿಸಬೇಕು, ಅಷ್ಟು ಹುದ್ದೆ ಭರ್ತಿಯಾಗಿದೆಯೇ ಎಂದು ನೋಡಬೇಕು. ಆಗಿಲ್ಲವಾದರೆ ಉದ್ಘಾಟನೆಯಾಗಿರುವುದು ಬಾಗಿಲು ಮಾತ್ರ. ಒಳಗೆ ಕೂರುವವನನ್ನು ಪಕ್ಕದ ಠಾಣೆಯ ಕುರ್ಚಿಯಿಂದ ಎಬ್ಬಿಸಿ ತಂದಿರುತ್ತಾರೆ.